ತೇಗು ಬಂದರೆ ಸಾಕು

"ಹನ್ನೊಂದು," ಎಂದಳು ಬಾಬಿನ್.

ಅವಳಮ್ಮ ಅನ್ನದ ಸೌಟನ್ನು ಅಲ್ಲೇ ನಿಲ್ಲಿಸಿ, "ಏನು ಹನ್ನೊಂದು?" ಎಂದು ಕೇಳಿದಳು.

"ತಾತನ ತೇಗು. ತಟ್ಟೆ ಮುಂದೆ ಕೂತಾಗಿಂದ."

"ಹತ್ತೇ ಕಣೇ," ಎಂದ ತಾತ. "ಒಂದು ಬಿಕ್ಕಳಿಕೆ. ಎಣಿಸೋದಾದ್ರೆ ಸರಿಯಾಗಿ ಎಣಿಸು."

ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂತು. ಎದೆಯ ಆಳದಿಂದ ಎದ್ದು, ಬಾಯಿ ಮುಚ್ಚಿಕೊಂಡರೂ ಬಿಡದ ಉದ್ದನೆಯ ತೇಗು. ದಿನವಿಡೀ ಬಸ್ಸು ಓಡಿಸಿ ಬಂದು ತಲೆ ತಗ್ಗಿಸಿ ಉಣ್ಣುತ್ತಿದ್ದ ಮಗ ಒಮ್ಮೆ ಅಪ್ಪನ ಕಡೆ ನೋಡಿ ಮತ್ತೆ ತಟ್ಟೆಗೆ ಮರಳಿದ. ಸೊಸೆ ಸೌಟನ್ನು ಪಾತ್ರೆಯಲ್ಲಿಟ್ಟು ಮುಚ್ಚಳ ಹಾಕಿದಳು. ಮಾವನಿಗೆ ಇನ್ನು ಬಡಿಸುವಂತಿರಲಿಲ್ಲ.

ತೇಗಿನ ವಿಷಯದಲ್ಲಿ ಆ ಮನೆಗೆ ಒಂದು ಕಾನೂನಿತ್ತು. ಮಾಡಿದವನು ತಾತನೇ. ಮಗ ಚಿಕ್ಕವನಿದ್ದಾಗ ಅವನಮ್ಮ ಅವನನ್ನು ಕಾಲ ಸಂದಿಯಲ್ಲಿ ಹಿಡಿದು ಬಾಯಿಗೆ ಅನ್ನ ತುರುಕುತ್ತಿದ್ದಳಂತೆ, ಅವನು ಊರೆಲ್ಲ ಕೇಳುವ ಹಾಗೆ ಅಳುತ್ತಿದ್ದನಂತೆ. ದಿನಾ ಈ ರಂಪ ನೋಡಿ ಸಾಕಾದ ತಾತ ಒಂದು ದಿನ, "ತೇಗು ಬರೋ ತನಕ ಏಳೋ ಹಾಗಿಲ್ಲ, ತೇಗು ಬಂದ್ಮೇಲೆ ಬಡಿಸೋ ಹಾಗಿಲ್ಲ" ಎಂದು ತೀರ್ಪು ಕೊಟ್ಟ. ಆ ತಾಯಿ ತೀರಿಹೋಗಿ ಆರು ವರ್ಷವಾಗಿದೆ, ತೀರ್ಪು ಹಾಗೆಯೇ ಉಳಿದಿದೆ. ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು 'ಸಾಕು' ಎಂದು ಹೇಳಿ ಗೊತ್ತಿಲ್ಲ. ಸೊಸೆ ಬಂದ ಹೊಸದರಲ್ಲಿ ಇದನ್ನು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಹದಿನೇಳು ವರ್ಷದ ಮೇಲೆ, ಈಗ ತೇಗು ಕೇಳಿದರೆ ಅವಳ ಕೈ ತಾನಾಗಿಯೇ ನಿಲ್ಲುತ್ತಿತ್ತು.

ತಾತ ಟೈಲರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಂಗಡಿಗೂ ಒಳಮನೆಗೂ ನಡುವೆ ಒಂದು ಪರದೆ, ಅಷ್ಟೇ. ಹೊಸ ಬಟ್ಟೆ ಹೊಲಿಯುವುದನ್ನು ಅವನು ಬಿಟ್ಟಿರಲಿಲ್ಲ, ಜನ ಹೊಲಿಸುವುದನ್ನು ಬಿಟ್ಟಿದ್ದರು. ರೆಡಿಮೇಡ್ ಕೊಂಡವರು ಉದ್ದ ಕತ್ತರಿಸಲು, ತೆಳ್ಳಗಾದವರು ಹೊಲಿಗೆ ಹಿಡಿಸಿ ಬಿಗಿ ಮಾಡಿಸಲು, ದಪ್ಪಗಾದವರು ಬಿಚ್ಚಿಸಲು ಬರುತ್ತಿದ್ದರು. ಅವನ ಕೈ ದಾಟಿದ ಬಟ್ಟೆಯಲ್ಲಿ ಎಲ್ಲಿ ಹಿಡಿದಿದ್ದಾನೆ, ಎಲ್ಲಿ ಬಿಟ್ಟಿದ್ದಾನೆ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುತ್ತಿರಲಿಲ್ಲ. ಮೊಮ್ಮಗಳಿಗೆ ಬಾಬಿನ್ ಎಂದು ಹೆಸರಿಟ್ಟವನೂ ಅವನೇ. ಹದಿನೈದು ವರ್ಷದ ಆ ಹುಡುಗಿ ಕೂತಲ್ಲಿ ಕೂರುವವಳಲ್ಲ, ಮಿಷನ್ನಿನ ಕೆಳಗೆ ಗಿರಗಿರ ತಿರುಗುವ ದಾರದ ಬಾಬಿನ್ನಿನ ಹಾಗೆ ಮನೆ ತುಂಬ ಸುತ್ತುತ್ತಿದ್ದಳು.

ಸೊಸೆ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಬೆಳಿಗ್ಗೆ ಐದೂವರೆಗೆ ಹೊರಟರೆ ಸಂಜೆ ನಾಲ್ಕಕ್ಕೆ ವಾಪಸು. ನಾಲ್ಕು ನೂರು ಜನಕ್ಕೆ ಬೇಯಿಸಿ ಬರುವವಳಿಗೆ ನಾಲ್ಕು ಜನರ ಅಡುಗೆ ಯಾವ ಲೆಕ್ಕ ಎಂದು ಉಳಿದ ಮೂವರೂ ತಿಳಿದಿದ್ದರು. ಅವಳಿಗೆ ಆ ನಾಲ್ಕು ಜನರ ಅಡುಗೆಯೇ ಭಾರ. ಅದರ ಮೇಲೆ, ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ಕಂಡರೆ ಅವಳಿಗೆ ಆಗದು. ಕ್ಯಾಂಟೀನಿನಲ್ಲಿ ದಿನವೂ ಡ್ರಮ್ಮುಗಟ್ಟಲೆ ಅನ್ನ ಕಸಕ್ಕೆ ಹೋಗುವುದನ್ನು ನೋಡಿ ನೋಡಿ, ಮನೆಯಲ್ಲಿ ಯಾರಾದರೂ ನಾಲ್ಕು ತುತ್ತು ಬಿಟ್ಟು ಎದ್ದರೂ ಅವಳ ಪಿತ್ತ ನೆತ್ತಿಗೇರುತ್ತಿತ್ತು.

ತೇಗು ಶುರುವಾದದ್ದು ಯಾವಾಗ ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಮೊದಲು ಊಟದ ಮೇಲೆ ಒಂದೆರಡು. ಆಮೇಲೆ ಊಟದ ನಡುವೆ. ಆಮೇಲೆ ಗಿರಾಕಿಯ ಸೊಂಟದ ಅಳತೆ ತೆಗೆಯುವಾಗ, ಸೂಜಿಗೆ ದಾರ ಪೋಣಿಸುವಾಗ, ಬರೀ ಸುಮ್ಮನೆ ಕೂತಾಗ. ಕಾರಣ ಏನೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು, ಮತ್ತು ಒಬ್ಬೊಬ್ಬರಿಗೂ ಬೇರೆ ಬೇರೆ ಗೊತ್ತಿತ್ತು.

"ಸೋಡಾ ಬಿಡಪ್ಪ ನೀನು," ಎಂದ ಮಗ. "ದಿನಾ ಎರಡೆರಡು ಬಾಟ್ಲಿ ಇಳಿಸಿದ್ರೆ ಗಾಳಿ ಬರ್ದೆ ಇನ್ನೇನು ಬರುತ್ತೆ?"

"ಸೋಡಾ ಕುಡಿದ್ರೆ ಊಟ ಕೆಳಗಿಳಿಯುತ್ತೆ ಕಣೋ."

"ಮಾವ ಗಬಗಬ ನುಂಗ್ತಾರೆ, ಅದಕ್ಕೇ," ಎಂದಳು ಸೊಸೆ. "ಮಿಷನ್ ಮುಂದೆ ಕೂತು ಅರ್ಧ ಊಟ, ಎದ್ದು ಬಂದು ಅರ್ಧ ಊಟ. ಹಂಗೆ ತಿಂದ್ರೆ ಯಾರಿಗೂ ಮೈಗೆ ಹತ್ತಲ್ಲ."

ಬೀದಿ ಮೂಲೆಯ ಇಸ್ತ್ರಿಯವನು ಬಟ್ಟೆ ಕೊಡಲು ಬಂದವನು ತನ್ನದೂ ಒಂದು ಸೇರಿಸಿದ. "ಟೈಲರಣ್ಣ, ನೀವು ಗುಂಡುಸೂಜಿ ತುಟಿಲಿ ಕಚ್ಚಿಕೊಂಡೇ ಕೆಲಸ ಮಾಡ್ತೀರಲ್ಲ, ಬಾಯಿ ಅರ್ಧ ತೆರೆದೇ ಇರುತ್ತೆ. ಗಾಳಿ ಎಲ್ಲ ಒಳಗೆ. ಹಲ್ಲಿನ ಸೆಟ್ಟು ಬೇರೆ ಸಡಿಲ ಆಗಿದೆ, ಮಾತಾಡಿದ್ರೆ ಟಕಟಕ ಅನ್ನುತ್ತೆ. ಅದೂ ಒಂದು ಕಾರಣವೇ."

"ನೀನು ಇಸ್ತ್ರಿ ಮಾಡ್ತೀಯೋ, ಡಾಕ್ಟರಿಕೆ ಮಾಡ್ತೀಯೋ?"

"ಎರಡೂ ಬಿಸಿ ಕೆಲಸಾನೇ ಅಣ್ಣ."

ತಾತ ನಕ್ಕ, ನಗುತ್ತಲೇ ತೇಗಿದ. ಆದರೂ ಒಂದು ಸ್ಪಂಜಿನ ತುಂಡು ತಂದು ಗುಂಡುಸೂಜಿಗಳನ್ನು ಅದಕ್ಕೆ ಚುಚ್ಚಿಟ್ಟ. ಸೋಡಾ ಬಿಟ್ಟೆ ಎಂದು ಮಗನಿಗೆ ಮಾತು ಕೊಟ್ಟ. ಒಂದು ವಾರ ತೇಗು ಸ್ವಲ್ಪ ಕಡಿಮೆಯಾದಂತೆ ಕಂಡಿತು. ಇಸ್ತ್ರಿಯವನು ಬೀದಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ. ಎರಡನೆಯ ವಾರ ಊಟದ ಹೊತ್ತಿಗೆ ಸರಿಯಾಗಿ ತೇಗು ಮತ್ತೆ ಹಾಜರಾಯಿತು.

ಆ ವಾರವೇ ಬಾಬಿನ್ನಿನ ಗೆಳತಿಯೊಬ್ಬಳು ಶಾಲೆಯ ಕೆಲಸ ಒಟ್ಟಿಗೆ ಮಾಡಲೆಂದು ಮನೆಗೆ ಬಂದು ಊಟಕ್ಕೆ ನಿಂತಳು. ತಾತ ಎಷ್ಟು ತಡೆದರೂ ತಡೆಯಲಾಗಲಿಲ್ಲ. ಗೆಳತಿ ಮೊದಲು ತುಟಿ ಕಚ್ಚಿದಳು, ಆಮೇಲೆ ಕೆಮ್ಮಿನ ನೆಪ ಮಾಡಿದಳು, ಕೊನೆಗೆ ಅನ್ನ ನೆತ್ತಿಗೇರಿ ಎದ್ದು ಹೋದಳು. ಮಾರನೆಯ ದಿನ ತರಗತಿಯಲ್ಲಿ ಬಾಬಿನ್ ಎದ್ದು ನಿಂತು ಉತ್ತರ ಹೇಳಲು ಬಾಯಿ ತೆರೆದಾಗ ಹಿಂದಿನ ಬೆಂಚಿನಿಂದ ಯಾರೋ ತೇಗಿದರು. ಇಡೀ ತರಗತಿ ನಕ್ಕಿತು.

"ತಾತ ಇದ್ರೆ ನಾನು ಊಟಕ್ಕೆ ಬರಲ್ಲ," ಎಂದು ಅವಳು ಬ್ಯಾಗು ಎಸೆದಳು.

"ಹಾಗೆಲ್ಲ ಅನ್ಬಾರದು," ಎಂದಳು ಅಮ್ಮ. ಅಂದ ದನಿಯಲ್ಲಿ ಗದರಿಕೆ ಇರಲಿಲ್ಲ, ಸುಸ್ತು ಮಾತ್ರ ಇತ್ತು.

"ನೀನೂ ಮುಖ ಕಿವುಚ್ತೀಯಲ್ಲ. ನಾನು ನೋಡಿಲ್ವಾ?"

ಪರದೆಯ ಆಚೆ ಮಿಷನ್ನಿನ ಸದ್ದು ನಿಂತಿತು. ತಾತ ಪರದೆ ಸರಿಸಿ, "ನಾನು ಅಂಗಡೀಲೇ ಉಣ್ತೀನಿ ಬಿಡಮ್ಮ. ಊಟದ ಹೊತ್ತಿಗೇ ಗಿರಾಕಿ ಬರೋದು. ಎದ್ದು ಬಂದು ಹೋಗೋದು ಯಾಕೆ?" ಎಂದ. ಯಾರೂ ಬೇಡ ಎನ್ನಲಿಲ್ಲ. ಅಂದಿನಿಂದ ಅವನ ತಟ್ಟೆ ಕತ್ತರಿಸುವ ಮೇಜಿನ ಮೇಲೆ ಹೋಯಿತು. ಸೊಸೆ ಒಂದು ಸಲ ಬಡಿಸಿಟ್ಟು ಒಳಗೆ ಬರುತ್ತಿದ್ದಳು. ಎರಡನೇ ಸಲಕ್ಕೆ ಪಾತ್ರೆ ಎತ್ತಿಕೊಂಡು ಏಳುವ ಹೊತ್ತಿಗೆ ಸರಿಯಾಗಿ ಪರದೆಯ ಆಚೆಯಿಂದ ಮೂರು ತೇಗು ಕೇಳಿಸುತ್ತಿತ್ತು. ಅವಳು ಅಲ್ಲೇ ಕೂತುಬಿಡುತ್ತಿದ್ದಳು. ಹಾಗೆ ಕೂರಲು ಸಿಕ್ಕಿದ್ದೇ ಅವಳಿಗೆ ಹಿತವಾಗಿತ್ತು.

ಮನೆಯೊಳಗಿನ ಊಟ ಒಂದಷ್ಟು ದಿನ ನಿಶ್ಶಬ್ದವಾಗಿ ನಡೆಯಿತು. ಆದರೆ ಸುಸ್ತು ಸುಮ್ಮನೆ ಕೂರುವ ವಸ್ತುವಲ್ಲ. ಒಂದು ಸಂಜೆ ಕ್ಯಾಂಟೀನಿನಲ್ಲಿ ಇಬ್ಬರು ರಜೆ ಹಾಕಿದ್ದರಿಂದ ಮೂವರ ಕೆಲಸ ಒಬ್ಬಳೇ ಮಾಡಿ ಬಂದ ಸೊಸೆ, ಬೆಳಗಿನ ಪಾತ್ರೆಗಳು ತೊಟ್ಟಿಯಲ್ಲಿ ಹಾಗೆಯೇ ಬಿದ್ದಿರುವುದನ್ನು ಕಂಡಳು. ಗಂಡ ಕಾಲು ಚಾಚಿ ಕೂತಿದ್ದ. ಮಗಳು ಫೋನು ಹಿಡಿದಿದ್ದಳು.

"ಒಂದು ಲೋಟ ತೊಳೆದಿಡೋಕೂ ಆಗಲ್ವೇನ್ರೀ?"

"ಈಗ ತಾನೇ ಬಂದೆ ಕಣೇ. ಎಂಟು ಗಂಟೆ ಸ್ಟೀರಿಂಗ್ ಹಿಡಿದು ತೋಳು ಬಿದ್ದುಹೋಗಿದೆ."

"ನಾನೇನು ಮಲಗಿ ಬಂದ್ನಾ? ಅಲ್ಲೂ ಬೇಯಿಸು, ಇಲ್ಲೂ ಬೇಯಿಸು. ದುಡಿಯೋಳು ನಾನೊಬ್ಳು, ತಿಂದು ತೇಗೋರು ಮನೆ ತುಂಬ."

ಅವಳು ಹೇಳಿದ್ದು ಗಂಡನಿಗೆ. ತಿಂದು ತೇಗುವುದು ಎಂದರೆ ಎಲ್ಲರೂ ಆಡುವ ಮಾತು. ಆದರೆ ಆ ಮನೆಯಲ್ಲಿ ತೇಗುವವನು ಒಬ್ಬನೇ ಇದ್ದ. ಪರದೆಯ ಆಚೆ ತೇಗೂ ಇಲ್ಲ, ಮಿಷನ್ನಿನ ಸದ್ದೂ ಇಲ್ಲ. ಬಾಬಿನ್ ಫೋನಿನಿಂದ ತಲೆಯೆತ್ತಿ ಅಮ್ಮನನ್ನು ನೋಡಿದಳು. ಸೊಸೆ ನಾಲಿಗೆ ಕಚ್ಚಿಕೊಂಡಳು, ಹೋಗಿ ಒಂದು ಮಾತು ಹೇಳಿ ಬರಬೇಕು ಅಂದುಕೊಂಡಳು, ತೊಟ್ಟಿಯ ಮುಂದೆ ನಿಂತು ಪಾತ್ರೆ ತಿಕ್ಕತೊಡಗಿದಳು. ತಿಕ್ಕಿ ಮುಗಿಯುವ ಹೊತ್ತಿಗೆ ಹೇಳುವ ಶಕ್ತಿ ಇರಲಿಲ್ಲ.

ಆ ಮಾತು ಮಗನನ್ನು ಚುಚ್ಚಿರಬೇಕು. ಮುಂದಿನ ವಾರದ ರಜೆಯ ದಿನ ಅವನು ಅಪ್ಪನನ್ನು ಬಸ್ ನಿಲ್ದಾಣದ ಹಿಂದಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ವಯಸ್ಸಾದ ಹೆಂಗಸು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ.

"ತೇಗಿಗೆ ಹೆದರೋ ಅವಶ್ಯಕತೆ ಇಲ್ಲ," ಎಂದರು. "ಬಹಳ ಜನಕ್ಕೆ ಬರೀ ನುಂಗಿದ ಗಾಳಿ. ಬೇಗ ಬೇಗ ತಿಂದ್ರೆ, ಸೋಡಾ ಕುಡಿದ್ರೆ, ಹಲ್ಲಿನ ಸೆಟ್ಟು ಸಡಿಲ ಇದ್ರೆ, ಮನಸ್ಸಿಗೆ ಕಿರಿಕಿರಿ ಇದ್ರೆ ಗಾಳಿ ಒಳಗೆ ಹೋಗುತ್ತೆ. ಕೆಲವರಿಗೆ ಹುಳಿ ಮೇಲೆ ಬರುತ್ತೆ, ಕೆಲವರಿಗೆ ಹೊಟ್ಟೇಲಿ ಹುಣ್ಣು. ನಾನು ಕೇಳೋದಕ್ಕೆ ಸರಿಯಾಗಿ ಹೇಳಿ. ನುಂಗೋವಾಗ ಊಟ ಸಿಕ್ಕಿಕೊಳ್ಳುತ್ತಾ?"

"ಇಲ್ಲ," ಎಂದ ತಾತ.

"ವಾಂತಿ? ಮಲ ಕಪ್ಪಗೆ ಹೋಗೋದು? ಎದೆನೋವು?"

"ಏನೂ ಇಲ್ಲ."

ತೂಕದ ಯಂತ್ರದ ಮೇಲೆ ನಿಲ್ಲಿಸಿ, "ಐವತ್ತೊಂದು. ಮೊದಲು ಎಷ್ಟಿದ್ರಿ? ತೂಕ ಇಳಿದಿದೆಯಾ?" ಎಂದು ಕೇಳಿದರು.

ತಾತ ಪ್ಯಾಂಟಿನ ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿ, ಆಗದೆ, ಕೈ ತೆಗೆದು ತೋರಿಸಿದ. "ನೋಡಿ ಡಾಕ್ಟ್ರೇ, ಬೆರಳೂ ಹೋಗಲ್ಲ. ಇಳಿದಿದ್ರೆ ಲೊಳಲೊಳ ಅನ್ಬೇಕಿತ್ತು."

ಡಾಕ್ಟರು ಮಗನ ಕಡೆ ನೋಡಿದರು.

"ಹೌದು ಡಾಕ್ಟ್ರೇ," ಎಂದ ಮಗ. "ಬಟ್ಟೆ ಎಲ್ಲ ಮೈಗೆ ಸರಿಯಾಗೇ ಇದೆ. ಅಪ್ಪ ಮೊದಲಿಂದ್ಲೂ ಸಣಕಲೇ."

ಎರಡು ವಾರಕ್ಕೆ ಮಾತ್ರೆ ಬರೆದುಕೊಟ್ಟರು. "ಎರಡು ವಾರ ಆದ್ಮೇಲೆ ಬಂದು ತೋರಿಸಿ. ಈ ನಡುವೆ ಊಟ ಗಂಟಲಲ್ಲಿ ನಿಂತ ಹಾಗೆ ಆದ್ರೆ, ತೂಕ ಇಳಿದ್ರೆ, ಕಪ್ಪಗೆ ಹೋದ್ರೆ, ವಾಂತಿ ಆದ್ರೆ ಎರಡು ವಾರ ಕಾಯ್ಬೇಡಿ. ಅವತ್ತೇ ಬನ್ನಿ. ತೇಗಿನ ಜೊತೆ ಎದೆ ಹಿಂಡಿದ ಹಾಗಾಗಿ ಬೆವರಿದ್ರೆ, ಇಲ್ಲಿಗೂ ಬರ್ಬೇಡಿ, ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ."

ಮಾತ್ರೆಯಿಂದ ಹುಳಿ ತೇಗು ನಿಂತಿತು. ಎದೆಯುರಿಯೂ ಇಲ್ಲ ಎಂದ ತಾತ. ಊಟದ ಹೊತ್ತಿನ ಆ ಮೂರು ತೇಗು ಮಾತ್ರ ಪರದೆಯ ಆಚೆಯಿಂದ ತಪ್ಪದೆ ಬರುತ್ತಿತ್ತು. ಎರಡು ವಾರ ಮುಗಿಯುವ ಹೊತ್ತಿಗೆ ಡಿಪೋದಲ್ಲಿ ಮಗನ ಪಾಳಿ ಬದಲಾಯಿತು. ಮೂರನೆಯ ವಾರವೂ ಹೋಯಿತು, ನಾಲ್ಕನೆಯದೂ ಹೋಯಿತು.

"ಮಾವನ್ನ ಮತ್ತೆ ತೋರಿಸ್ಬೇಕಿತ್ತಲ್ಲ?" ಎಂದು ಸೊಸೆ ಒಂದು ದಿನ ನೆನಪಿಸಿದಳು.

"ಕಮ್ಮಿ ಆಗಿದೆ ಅಂದ್ರಲ್ಲ."

"ಅವರು ಯಾವತ್ತು ಜಾಸ್ತಿ ಆಗಿದೆ ಅಂದಿದ್ರು?"

"ನೀನೇ ಕರ್ಕೊಂಡ್ಹೋಗು ಹಾಗಾದ್ರೆ."

"ನನಗೆಲ್ಲಿ ರಜೆ ಇದೆ?"

ಅಲ್ಲಿಗೆ ಆ ಮಾತು ಮುಗಿಯಿತು. ಇಬ್ಬರದೂ ಸುಳ್ಳಲ್ಲ, ಇಬ್ಬರದೂ ನೆಪ. ದುಡಿದು ಬಂದ ಮನೆಗಳಲ್ಲಿ ಹೀಗೆ ಎಷ್ಟೋ ಕೆಲಸ ನಾಳೆಗೆ ಬೀಳುತ್ತವೆ, ಮತ್ತು ಹೆಚ್ಚಿನವು ಬಿದ್ದರೂ ನಡೆದುಹೋಗುತ್ತವೆ.

ಸೊಸೆಯ ವಾರದ ರಜೆ ಎಂದರೆ ಬಟ್ಟೆಯ ದಿನ. ಅವತ್ತು ಬೆಳಿಗ್ಗೆ ಹಿತ್ತಲಿನ ತಂತಿಯ ಮೇಲೆ ಒಂದೊಂದೇ ಒದರಿ ಹಾಕುತ್ತಿದ್ದಳು. ಮಾವನ ಕಂದು ಪ್ಯಾಂಟು ಬಂತು. ಅದರ ಕಾಲು ಹಿಡಿದು ಒದರಿ, ಸೊಂಟದ ಕಡೆ ಕ್ಲಿಪ್ಪು ಹಾಕಲು ಹೋದವಳು ನಿಂತಳು. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇದ್ದವು. ನಡುವೆ ಒಂದು ಹೆಬ್ಬೆರಳಿನಷ್ಟೂ ಜಾಗವಿರಲಿಲ್ಲ. ಪಕ್ಕದಲ್ಲೇ ಗಂಡನ ಪ್ಯಾಂಟು ಒಣಗುತ್ತಿತ್ತು. ಅದರಲ್ಲಿ ಎರಡು ಜೇಬುಗಳ ನಡುವೆ ಅಂಗೈಯಗಲ ಜಾಗವಿತ್ತು.

ಹದಿನೇಳು ವರ್ಷ ಟೈಲರನ ಮನೆಯಲ್ಲಿ ಬಾಳಿದವಳಿಗೆ ಇದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊಂಟ ಹಿಡಿಯುವುದು ಹಿಂದಿನ ನಡು ಹೊಲಿಗೆಯಲ್ಲಿ. ಸ್ವಲ್ಪ ಹಿಡಿದರೆ ತಿಳಿಯುವುದಿಲ್ಲ, ಬಹಳ ಹಿಡಿದರೆ ಜೇಬುಗಳು ಹತ್ತಿರ ಬರುತ್ತವೆ. ಗಿರಾಕಿಗಳಿಗೆ ಮಾವನೇ ಹೇಳುತ್ತಿದ್ದ, "ಇದಕ್ಕಿಂತ ಜಾಸ್ತಿ ಹಿಡಿದ್ರೆ ಚೆನ್ನಾಗಿ ಕಾಣಲ್ಲ, ಹೊಸದು ತಗೊಳ್ಳಿ" ಎಂದು. ಅವಳು ಒದ್ದೆ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿದಳು. ಮಡಚಿ ಬಿಟ್ಟ ಬಟ್ಟೆ ನಾಲ್ಕು ಬೆರಳು ಅಗಲಕ್ಕೆ ಇತ್ತು. ಅದರ ಮೇಲೆ ಒಂದರ ಪಕ್ಕ ಒಂದು ನಾಲ್ಕು ಸಾಲು ಹೊಲಿಗೆ. ಮೊದಲನೆಯದು ಕಂದು ದಾರದ್ದು, ಎರಡನೆಯದು ಕಂದು, ಮೂರನೆಯದು ಕಪ್ಪು, ಕೊನೆಯದು ಕೈಗೆ ಸಿಕ್ಕ ನೀಲಿ ದಾರದ್ದು. ಅವನು ತನ್ನ ಜೀವಮಾನದಲ್ಲಿ ಬಣ್ಣ ತಪ್ಪಿ ಹೊಲಿದವನಲ್ಲ.

ಬಕೆಟ್ಟಿನಿಂದ ಅವನ ಅಂಗಿ ತೆಗೆದು ನೋಡಿದಳು. ಬಗಲ ಕೆಳಗೆ ಎರಡೂ ಕಡೆ ಹಿಡಿದಿತ್ತು. ಇನ್ನೊಂದು ಅಂಗಿ, ಅದೂ ಹಾಗೆಯೇ. ಉಳಿದ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು, ಆ ಒದ್ದೆ ಪ್ಯಾಂಟು ಹಿಡಿದುಕೊಂಡು ಅವಳು ಅಂಗಡಿಗೆ ಬಂದಳು. ನೀರು ತೊಟ್ಟಿಕ್ಕಿ ಒಳಮನೆಯ ಉದ್ದಕ್ಕೂ ಗೆರೆ ಬಿತ್ತು.

"ಇದು ಯಾವಾಗಿಂದ ಮಾವ?"

ತಾತ ಕನ್ನಡಕದ ಮೇಲಿಂದ ನೋಡಿದ. "ಅದಾ? ಸಡಿಲ ಇತ್ತು. ಹಿಡಿದೆ."

"ನಾಲ್ಕು ಸಲ?"

"ಈಗ ಎಲ್ಲರೂ ಬಿಗಿಯಾಗೇ ಹಾಕ್ತಾರೆ."

"ಮಾವ, ನಾನು ಗಿರಾಕಿ ಅಲ್ಲ. ಸರಿಯಾಗಿ ಹೇಳಿ."

ಅವನು ಕತ್ತರಿ ಕೆಳಗಿಟ್ಟ. ತೇಗು ಬಂತು, ಅದನ್ನು ಬಿಟ್ಟ. ಎದೆಯ ನಡುವೆ ಬೆರಳಿಟ್ಟು ತೋರಿಸಿದ. "ಇಲ್ಲಿ ನಿಲ್ಲುತ್ತೆ. ಮೊದಲು ರೊಟ್ಟಿ ನಿಲ್ತಿತ್ತು. ಆಮೇಲೆ ಅನ್ನಾನೂ. ಸೋಡಾ ಹಾಕಿದ್ರೆ ಇಳೀತಿತ್ತು, ಈಗ ಅದಕ್ಕೂ ಇಳಿಯಲ್ಲ. ಗಂಜಿ, ಹಾಲು ಆದ್ರೆ ಮೆಲ್ಲಗೆ ಹೋಗುತ್ತೆ."

"ಡಾಕ್ಟ್ರು ಕೇಳಿದ್ರಂತಲ್ಲ. ಇಲ್ಲ ಅಂದ್ರಂತೆ ನೀವು."

"ಹೂಂ ಅಂದಿದ್ರೆ ಏನಾಗ್ತಿತ್ತು? ಆಸ್ಪತ್ರೆ, ಓಡಾಟ. ನಿನಗೆ ರಜೆ ಇಲ್ಲ, ಅವನಿಗೆ ರಜೆ ಇಲ್ಲ."

"ದಿನಾ ಬಡಿಸಿಟ್ಟು ಹೋಗ್ತಿದ್ನಲ್ಲ, ತಟ್ಟೆ ಖಾಲಿ ಇರ್ತಿತ್ತಲ್ಲ."

"ನೀನು ಮೊದಲ ಸಲ ಬಡಿಸೋದು ಎರಡು ಸೌಟು. ಅದನ್ನ ನೀರಲ್ಲಿ ಕಲಸಿ ಕಲಸಿ, ಒಂದು ಗಂಟೆ ಕೂತು ಒಂದಿಷ್ಟು ಇಳಿಸ್ತಿದ್ದೆ. ಮಿಕ್ಕಿದ್ದು ಇಸ್ತ್ರಿಯವನ ನಾಯಿಗೆ. ಇನ್ನೊಂದು ಸೌಟು ಬಿದ್ರೆ ಅದನ್ನ ಎಲ್ಲಿ ಇಡ್ಲಿ?" ತಾತ ಕೆಳಗೆ ನೋಡಿದ. "ನೀನು ಪಾತ್ರೆ ಎತ್ತೋ ಸದ್ದು ಕೇಳ್ತಿತ್ತು. ಗಾಳಿ ನುಂಗಿ ತೇಗಿದ್ರೆ ನೀನು ಅಲ್ಲೇ ಕೂತ್ಕೊಳ್ತಿದ್ದೆ. ಮೊದಮೊದಲು ಬೇಕಂತ ತೇಗ್ತಿದ್ದೆ. ಈಗ ನಿಲ್ಲಿಸ್ತೀನಿ ಅಂದ್ರೂ ನಿಲ್ಲಲ್ಲ."

ಸೊಸೆಗೆ ಸಿಟ್ಟು ಬಂತು. ಅವಳು ಮೊದಲು ಅನುಭವಿಸಿದ್ದು ಸಿಟ್ಟನ್ನೇ, ಅಳುವನ್ನಲ್ಲ.

"ಬಾಯಿ ಇಲ್ವಾ ನಿಮಗೆ? ನುಂಗೋಕಾಗಲ್ಲ ಕಣಮ್ಮ, ಗಂಜಿ ಮಾಡು ಅಂದಿದ್ರೆ ನಾನು ಮಾಡ್ತಿರ್ಲಿಲ್ವಾ?"

"ಮಾಡ್ತಿದ್ದೆ. ಅದಕ್ಕೇ ಹೇಳಲಿಲ್ಲ. ನೀನು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ನಿದ್ದೆ ಹೊಡೀತೀಯ. ನೋಡಿದೀನಿ ನಾನು. ಮೂರು ಜನಕ್ಕೆ ಒಂದು ಅಡುಗೆ, ಮುದುಕನಿಗೆ ಇನ್ನೊಂದು ಅಡುಗೆ..." ಅವನು ಕೈಯಾಡಿಸಿ ಮಾತು ಬಿಟ್ಟ.

"ನಾನು ಅವತ್ತು ಅಂದ ಮಾತು ಕೇಳಿಸ್ಕೊಂಡ್ರಿ, ಅಲ್ವಾ?"

"ಯಾವ ಮಾತು?"

ಕೇಳಿಸಿಕೊಂಡಿದ್ದ. ಅವಳಿಗೆ ಅದು ಗೊತ್ತಾಯಿತು, ಗೊತ್ತಾಯಿತೆಂದು ಅವನಿಗೂ ತಿಳಿಯಿತು. ಆಗ ಅವಳಿಗೆ ಅಳು ಬಂತು. ಒದ್ದೆ ಪ್ಯಾಂಟಿನಲ್ಲೇ ಮುಖ ಒರೆಸಿಕೊಂಡಳು. ಪರದೆಯ ಹತ್ತಿರ ಬಾಬಿನ್ ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮೇಜಿನ ಮೇಲಿದ್ದ ತಾತನ ಖಾಲಿ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಅದೇ ದಿನ ಕ್ಲಿನಿಕ್ಕಿಗೆ ಹೋದರು. ಐವತ್ತೊಂದು ನಲವತ್ತೇಳಾಗಿತ್ತು. ವಯಸ್ಸಾದ ಡಾಕ್ಟರು ಯಾರನ್ನೂ ಬೈಯಲಿಲ್ಲ. ದೊಡ್ಡ ಆಸ್ಪತ್ರೆಗೆ ಒಂದು ಕಾಗದ ಬರೆದು, ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರು. ಅಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಹತ್ತು ದಿನ ಬಿಟ್ಟು ಬನ್ನಿ ಎಂದರು. ಆ ಹತ್ತು ದಿನ ಸೊಸೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗಂಜಿ ಬೇಯಿಸಿ, ಸೋಸಿ, ಫ್ಲಾಸ್ಕಿಗೆ ತುಂಬಿಟ್ಟು ಕೆಲಸಕ್ಕೆ ಹೋದಳು. ಬಾಬಿನ್ ಶಾಲೆಯಿಂದ ಬಂದ ಕೂಡಲೇ ಹಾಲು ಕಾಯಿಸಿದಳು. ಎರಡು ಸಲ ಉಕ್ಕಿಸಿದಳು, ಮೂರನೆಯ ಸಲ ಸರಿಯಾಗಿ ಕಾಯಿಸಿದಳು. ಮಗ ಪಾತ್ರೆ ತೊಳೆದ. ಯಾರೂ ಯಾರನ್ನೂ ಹೊಗಳಲಿಲ್ಲ. ಜಗಳಕ್ಕೆ ಬೇಕಾದ ಕಸುವೂ ಯಾರಲ್ಲಿಯೂ ಇರಲಿಲ್ಲ.

ಹನ್ನೊಂದನೆಯ ದಿನ ಮಗ, ಸೊಸೆ ಇಬ್ಬರೂ ತಾತನ ಜೊತೆ ಹೋದರು. ಅನ್ನನಾಳದ ಕೆಳಭಾಗದಲ್ಲಿ ಗಡ್ಡೆಯಿದೆ, ಕ್ಯಾನ್ಸರು ಎಂದರು ಆಸ್ಪತ್ರೆಯ ಡಾಕ್ಟರು. ಚಿಕ್ಕ ವಯಸ್ಸಿನವನು. ಅವರ ಮುಖಕ್ಕೆ ಮುಖ ಕೊಟ್ಟೇ ಹೇಳಿದ.

"ಸೋಮವಾರ ಅಡ್ಮಿಟ್ ಆಗಿ. ಮೊದಲು ಊಟ ಇಳಿಯೋದಕ್ಕೆ ಒಂದು ಕೊಳವೆ ಇಟ್ಟು ದಾರಿ ಮಾಡ್ತೀವಿ. ಮೈಗೆ ಸ್ವಲ್ಪ ಶಕ್ತಿ ಬಂದ್ಮೇಲೆ ಮಿಕ್ಕ ಚಿಕಿತ್ಸೆ."

"ಎರಡು ತಿಂಗಳು ಮೊದಲೇ ಬಂದಿದ್ರೆ?" ಎಂದು ಕೇಳಿದಳು ಸೊಸೆ.

ಅವನು ಕಾಗದಗಳನ್ನು ಜೋಡಿಸಿದ. "ಸುಲಭ ಆಗ್ತಿತ್ತು. ಈಗಲೂ ಮಾಡೋದಿದೆ. ಎಷ್ಟು ಆಗುತ್ತೆ ಅಂತ ನಾನು ಇವತ್ತು ಹೇಳಲಾರೆ."

ಹೊರಗೆ ಬಂದಾಗ ಮಗ ಗೋಡೆಗೆ ಒರಗಿ ನಿಂತುಬಿಟ್ಟ. ಡ್ಯೂಟಿಗೆ ಹೊತ್ತಾಗಿತ್ತು, ಖಾಕಿ ಅಂಗಿ ತೊಟ್ಟೇ ಬಂದಿದ್ದ.

"ಬಟ್ಟೆ ಸರಿಯಾಗಿದೆ ಅಂತ ನಾನೇ ಹೇಳ್ದೆ," ಎಂದ. "ಡಾಕ್ಟ್ರು ನನ್ನ ಮುಖ ನೋಡಿದ್ರು. ನಾನೇ ಹೇಳ್ದೆ ಅಪ್ಪ."

"ಐವತ್ತು ವರ್ಷ ಹೊಲಿದಿದೀನಿ ಕಣೋ," ಎಂದ ತಾತ. "ನಾನು ಹಿಡಿದಿದ್ದು ನಿನ್ನ ಕಣ್ಣಿಗೆ ಬೀಳೋ ಹಾಗಿದ್ರೆ ನನ್ನ ಅಂಗಡಿ ಯಾವತ್ತೋ ಮುಚ್ಚಿರ್ತಿತ್ತು. ಹೋಗು, ಬಸ್ಸು ಕಾಯ್ತಿರುತ್ತೆ."

ಮಗ ಅಪ್ಪನ ಭುಜ ಹಿಡಿದುಕೊಂಡ. ಅಂಗಿಯೊಳಗೆ ಮೂಳೆ ಸಿಕ್ಕಿತು. ಮೆಲ್ಲಗೆ ಬಿಟ್ಟು, ಮುಖ ತಿರುಗಿಸಿಕೊಂಡು ಡಿಪೋ ಕಡೆ ಹೋದ.

ಮಾವ ಸೊಸೆ ಬಸ್ಸು ಹತ್ತಿ ಕಿಟಕಿಯ ಸೀಟಿನಲ್ಲಿ ಕೂತರು. ಮಧ್ಯಾಹ್ನ ಎರಡು ಗಂಟೆ. ಬಸ್ಸಿನಲ್ಲಿ ಜನ ಕಡಿಮೆ. ಎದುರಿನ ಸೀಟಿನ ಹೆಂಗಸೊಬ್ಬಳು ಪೊಟ್ಟಣ ಬಿಚ್ಚಿ ಬನ್ನು ತಿನ್ನುತ್ತಿದ್ದಳು. ತಾತ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಬನ್ನು ಮುರಿಯುವುದನ್ನು, ಬಾಯಿಗೆ ಹಾಕುವುದನ್ನು, ಅಗಿಯುವುದನ್ನು, ನುಂಗುವುದನ್ನು ಮಗು ನೋಡುವ ಹಾಗೆ ಕಣ್ಣು ಕೀಳದೆ ನೋಡುತ್ತಿದ್ದ.

"ಏನಾಯ್ತು ಮಾವ? ನೋವಾ?"

"ಇಲ್ಲಮ್ಮ. ಹಸಿವು."

"ಬೆಳಿಗ್ಗೆ ಗಂಜಿ ಇಳೀಲಿಲ್ವಾ?"

"ಇಳೀತು. ಅದು ಗಂಜಿ. ನಾನು ಹೇಳ್ತಿರೋದು..." ಅವನು ಕಿಟಕಿಯ ಸರಳು ಹಿಡಿದುಕೊಂಡ. "ನನಗೆ ಹಸಿವೇ ಇರ್ಲಿಲ್ಲ ಅಂದ್ಕೊಂಡಿದ್ದೆ ಅಲ್ವಾ ನೀನು? ದಿನಾ ಇತ್ತು ಕಣಮ್ಮ. ನೀನು ಒಗ್ಗರಣೆ ಹಾಕಿದ್ರೆ ಅಂಗಡೀಲಿ ಕೂತವನಿಗೆ ಬಾಯಲ್ಲಿ ನೀರು ಬರ್ತಿತ್ತು. ಇಷ್ಟು ದಿನ ಹಸಿದೇ ಕೂತಿದ್ದೆ."

ಅವಳು ಎದ್ದು ಗಂಟೆಯ ಗುಂಡಿ ಒತ್ತಿದಳು.

"ಇಲ್ಲಲ್ಲಮ್ಮ ನಮ್ಮ ಸ್ಟಾಪು. ಇನ್ನೂ ಐದು ಇದೆ."

"ಇಳೀರಿ ಮಾವ."

ಇಳಿದ ಕಡೆ ರಸ್ತೆಯ ಪಕ್ಕದಲ್ಲಿ ಒಂದು ಟೀ ಅಂಗಡಿ ಇತ್ತು. ಅವಳು ಒಂದು ದೊಡ್ಡ ಲೋಟ ಹಾಲು, ಸಕ್ಕರೆ ಜಾಸ್ತಿ, ಒಂದು ಚಮಚ ಬೇಕು ಎಂದು ಕೇಳಿ ತೆಗೆದುಕೊಂಡಳು. ಎರಡು ಬಿಸ್ಕತ್ತು ಪುಡಿ ಮಾಡಿ ಹಾಕಿ, ಅಂಗಡಿಯವನ ಟೀ ಸೋಸುವ ಬಟ್ಟೆಯಲ್ಲಿ ಒಂದು ಸಲ ಸೋಸಿಕೊಡಲು ಹೇಳಿದಳು. ಅವನು ಗೊಣಗಿದ, ಅವಳ ಮುಖ ನೋಡಿ ಸೋಸಿಕೊಟ್ಟ. ಮಾವನನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು, ಒಂದು ಚಮಚ ಕೊಟ್ಟು, ಅದು ಎದೆಯಲ್ಲಿ ನಿಂತು, ಮೆಲ್ಲಗೆ ಇಳಿಯುವ ತನಕ ಅವನ ಮುಖವನ್ನೇ ನೋಡಿ, ಆಮೇಲೆ ಇನ್ನೊಂದು ಚಮಚ ಕೊಟ್ಟಳು. ಆ ಲೋಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೂರು ಬಸ್ಸುಗಳು ಬಂದು ನಿಂತು ಹೋದವು, ಅವಳು ಒಂದನ್ನೂ ತಿರುಗಿ ನೋಡಲಿಲ್ಲ.